ಹದಿನಾಲ್ಕನೇ ರೂಮಿನ ಅರವತ್ತೊಂದು ಮಂದಿ

ಕುರ್ಲಾದ ಸಾಲುಕೋಣೆಗಳ ಒಂದು ಚಾಳಿನ ಹದಿನಾಲ್ಕನೇ ನಂಬರಿನ ರೂಮಿನಲ್ಲಿ ಅರವತ್ತೊಂದು ಮಂದಿ ವಾಸವಾಗಿದ್ದರು. ಅವರಲ್ಲಿ ಒಬ್ಬರು ರಂಜನಿಯ ತಂದೆ.

ಈ ಸಂಗತಿ ಕಂಪ್ಯೂಟರಿನ ಪರದೆಯ ಮೇಲೆ ಮೂಡಿದ್ದು ಜನವರಿಯ ಒಂದು ಮಂಗಳವಾರ ಮಧ್ಯಾಹ್ನ, ಆಂಟಾಪ್ ಹಿಲ್ ಕನ್ನಡ ಸ್ನೇಹಕೂಟದ ಕಚೇರಿಯಲ್ಲಿ. ರಂಜನಿ ಒಂದು ವಿಮಾ ಕಂಪನಿಯಲ್ಲಿ ಗ್ರಾಹಕರ ಮಾಹಿತಿಯನ್ನು ಶುದ್ಧಗೊಳಿಸುವ ವಿಭಾಗದಲ್ಲಿದ್ದಳು. ಒಬ್ಬನೇ ಮನುಷ್ಯ ಮೂರು ಹೆಸರುಗಳಲ್ಲಿ ಅಡಗಿದ್ದರೆ ಹಿಡಿಯುವುದು, ಒಂದು ಅಂಕೆ ಕಳೆದುಕೊಂಡ ಫೋನ್ ನಂಬರಿಗೆ ಆ ಅಂಕೆಯನ್ನು ಹುಡುಕಿಕೊಡುವುದು ಅವಳ ಕಸುಬು. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಅವಳು ಮೊದಲ ದಿನವೇ ಹೇಳುವ ಪಾಠವೊಂದಿತ್ತು: ಖಾಲಿ ಬಿಟ್ಟ ಚೌಕ ಬೇರೆ, ‘ತಿಳಿದಿಲ್ಲ’ ಎಂದು ಬರೆದ ಚೌಕ ಬೇರೆ. ಈ ವಿದ್ಯೆಯನ್ನು ಸ್ನೇಹಕೂಟಕ್ಕೂ ಸ್ವಲ್ಪ ಕೊಡಬೇಕೆಂದು ಅಧ್ಯಕ್ಷ ಸುಹಾಸ ದಸರೆಯಿಂದ ಬೆನ್ನು ಬಿದ್ದಿದ್ದ. ಅವಳು ಕೊನೆಗೂ ಒಂದು ವಾರ ರಜೆ ಹಾಕಿ ಬಂದು ಕುಳಿತಿದ್ದಳು.

ಬಟ್ಟೆಯ ಬೆನ್ನಿನ ನಾಲ್ಕು ರಿಜಿಸ್ಟರುಗಳಲ್ಲಿ ಮಲಗಿದ್ದ ಸಾವಿರದ ಎಂಟುನೂರ ನಲವತ್ತಮೂರು ಸದಸ್ಯರು ಈಗ ಎಕ್ಸೆಲ್‌ನ ಸಾಲುಗಳಾಗಿ ನಿಂತಿದ್ದರು. ಇನ್ನೂರಕ್ಕೂ ಹೆಚ್ಚು ಮಂದಿ ಜೂನ್ ಒಂದರಂದೇ ಹುಟ್ಟಿದ್ದರು. ಶಾಲೆಗೆ ಸೇರಿಸಿದ ದಿನ ಮೇಷ್ಟರು ತಮ್ಮ ಅನುಕೂಲಕ್ಕೆ ಬರೆದುಕೊಂಡ ತಾರೀಕು ಅದು. ಹನ್ನೊಂದು ಜನರ ಫೋನ್ ನಂಬರು ಒಂದೇ, ಅದೂ ಎಂದೋ ಮುಚ್ಚಿಹೋದ ಕಿರಾಣಿ ಅಂಗಡಿಯದು. ಇಂಥವೆಲ್ಲ ಅವಳಿಗೆ ಹೊಸದಲ್ಲ. ಆದರೆ ವಿಳಾಸದ ಕಾಲಮನ್ನು ಅಕ್ಷರಕ್ರಮಕ್ಕೆ ತಂದ ಕ್ಷಣ ಪರದೆಯ ಮೇಲಿನಿಂದ ಕೆಳಗಿನವರೆಗೆ ಒಂದೇ ಸಾಲು ಮರುಕಳಿಸತೊಡಗಿತು. ರೂಮ್ ನಂ. 14, ಸಾಳವಿ ಚಾಳ್, ಕುರ್ಲಾ ಪಶ್ಚಿಮ. ಮತ್ತೆ ಅದೇ. ಮತ್ತೆ ಅದೇ. ಸಂಜೆಯ ಲೋಕಲ್ ರೈಲು ನಿಧಾನವಾಗಿ ಹಾದುಹೋಗುವಾಗ ಒಂದೇ ಬಗೆಯ ಕಿಟಕಿಗಳು ಕಣ್ಣೆದುರು ಜಾರಿದಂತೆ ಆ ಸಾಲುಗಳು ಜಾರಿದವು.

“ಸುಹಾಸಣ್ಣ, ಇಲ್ಲಿ ನೋಡಿ. ಒಂದೇ ರೂಮಲ್ಲಿ ಅರವತ್ತೊಂದು ಜನ.”

ಸುಹಾಸ ಉಡುಪಿಯ ಕಡೆಯವನು, ಕಿಂಗ್ಸ್ ಸರ್ಕಲ್‌ನಲ್ಲಿ ಹೋಟೆಲು ನಡೆಸುತ್ತಿದ್ದ. ಕನ್ನಡಕವನ್ನು ಹಣೆಗೇರಿಸಿ ಬಗ್ಗಿ ನೋಡಿದ.

“ಎಂತ ಮಾರಾಯ್ತಿ, ನಮ್ಮ ಹೋಟೆಲಿನ ರೂಮಲ್ಲೇ ಹನ್ನೆರಡು ಜನ ಮಲಗುವುದು. ಅದಕ್ಕೇ ದಿನಾ ಜಗಳ. ಇದು ಟೈಪಿಂಗ್ ಮಿಸ್ಟೇಕ್ ಇರಬೇಕು.”

“ಮಿಸ್ಟೇಕ್ ಅರವತ್ತೊಂದು ಸಲ ಆಗಲ್ಲ.”

“ಹಾಗಾದರೆ ಫ್ರಾಡ್. ಭಾನುವಾರ ಬಾವುಟ ಹಾರಿಸಿ ಆದ ಮೇಲೆ ಸಮಿತಿ ಸಭೆ ಉಂಟಲ್ಲ, ಅಷ್ಟರೊಳಗೆ ಖಾತ್ರಿಯಾಗದ ಹೆಸರನ್ನೆಲ್ಲ ಡಿಲೀಟ್ ಮಾಡಿಬಿಡು. ಮುಂದಿನ ವರ್ಷದಿಂದ ವಾರ್ಷಿಕೋತ್ಸವದ ಆಮಂತ್ರಣ ವಾಟ್ಸಾಪಲ್ಲೇ. ಈ ಸಲದ್ದು ಹಳೇ ಲಿಸ್ಟಿನ ಪ್ರಕಾರ ನಿನ್ನೆ ಪೋಸ್ಟಿಗೆ ಬಿತ್ತು, ಅದೇ ಕೊನೇದು.”

ಅವನು ಹೊರಟುಹೋದ. ರಂಜನಿ ಕಿಟಕಿಯಂಥ ಆ ಸಾಲುಗಳನ್ನು ಒಂದೊಂದಾಗಿ ದಾಟುತ್ತ ಇಳಿದಳು. ನಲವತ್ತನೆಯದರ ಬಳಿ ಅವಳ ಬೆರಳು ನಿಂತಿತು. ಸದಸ್ಯ ಸಂಖ್ಯೆ 907, ಎಂ. ಎಸ್. ಶ್ರೀರಾಮ್.

ಶ್ರೀರಾಮ್ ಜೋಗೇಶ್ವರಿಯ ಸಣ್ಣ ಕಾರ್ಖಾನೆಯೊಂದರಲ್ಲಿ ಯಂತ್ರಭಾಗಗಳ ನಕ್ಷೆ ಬರೆಯುತ್ತಿದ್ದರು. 2006ರ ಒಂದು ಸೋಮವಾರ ಬೆಳಿಗ್ಗೆ ಟಿಫಿನ್ ಡಬ್ಬಿ ಹಿಡಿದು ಹೋದವರು ಮರಳಲಿಲ್ಲ. ಕಾರ್ಖಾನೆಯಲ್ಲಿ ವಿಚಾರಿಸಿದಾಗ, ಅವರು ಕೆಲಸ ಬಿಟ್ಟು ಮೂರು ವಾರಗಳಾದವೆಂದು ತಿಳಿಯಿತು. ಆ ಮೂರು ವಾರವೂ ಅವರು ಪ್ರತಿ ಸಂಜೆ ಏಳಕ್ಕೆ ಸರಿಯಾಗಿ, ಖಾಲಿ ಡಬ್ಬಿಯೊಡನೆ, ಎಂದಿನಂತೆ ಮನೆಗೆ ಬಂದಿದ್ದರು. ಪೊಲೀಸರ ದೂರು, ಪತ್ರಿಕೆಯ ಪ್ರಕಟಣೆ, ಆಸ್ಪತ್ರೆಗಳ ಅಲೆದಾಟ ಎಲ್ಲವೂ ಆಯಿತು. ರಂಜನಿಗೆ ಆಗ ಹನ್ನೆರಡು ವರ್ಷ, ಈಗ ಮೂವತ್ತೊಂದು.

ತಂದೆಯ ಸಾಲನ್ನು ಅವಳು ಬೇಕೆಂದೇ ಹುಡುಕಿರಲಿಲ್ಲ. ಹಿಂದೆ ಪ್ರತಿ ಜನವರಿಯಲ್ಲಿ ಅವರ ಹೆಸರಿಗೆ ಸ್ನೇಹಕೂಟದ ಆಮಂತ್ರಣ ಮನೆಗೆ ಬರುತ್ತಿತ್ತು. ಒಂದು ವರ್ಷ ಅದು ನಿಂತುಹೋಯಿತು. ಅಮ್ಮನೇ ಹೆಸರು ತೆಗೆಸಿರಬೇಕೆಂದು ಅವಳು ಎಣಿಸಿದ್ದಳು, ಕೇಳಿರಲಿಲ್ಲ.

ಹೆಸರು ತೆಗೆದಿರಲಿಲ್ಲ. ಅವಳು ಮೂರನೆಯ ರಿಜಿಸ್ಟರನ್ನು ಬಿಚ್ಚಿದಳು. 907ರ ಎದುರು ಹಳೆಯ ವಿಳಾಸದ ಮೇಲೆ ಒಂದು ಕಾಗದದ ಪಟ್ಟಿ ಅಂಟಿಸಲಾಗಿತ್ತು. ಅದರ ಮೇಲೆ ಹಸಿರು ಶಾಯಿಯಲ್ಲಿ ಕುರ್ಲಾದ ವಿಳಾಸ, ಪಕ್ಕದಲ್ಲಿ ತಾರೀಕು, ಮಾರ್ಚ್ 2011. ಹಾಳೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಾಗ ಪಟ್ಟಿಯ ಅಡಿಯಿಂದ ತಂದೆಯ ಕೈಬರಹ ತೇಲಿಬಂತು. ಅಳತೆಪಟ್ಟಿ ಇಟ್ಟು ಬರೆದಂತೆ ನೆಟ್ಟಗೆ ನಿಂತ ಅಕ್ಷರಗಳು, ನೀರಿನ ತಳದಲ್ಲಿ ಬಿದ್ದ ನಾಣ್ಯಗಳಂತೆ ಅಸ್ಪಷ್ಟ.

ಮನುಷ್ಯ ಕಾಣೆಯಾದದ್ದು 2006ರಲ್ಲಿ. ವಿಳಾಸ ಬದಲಾದದ್ದು 2011ರಲ್ಲಿ. ಐದು ವರ್ಷಗಳ ಬಳಿಕ ಯಾರೋ ಒಬ್ಬರು ಬಂದು, ಶ್ರೀರಾಮ್ ಇಂಥಲ್ಲಿದ್ದಾರೆ ಎಂದು ಸ್ನೇಹಕೂಟಕ್ಕೆ ತಿಳಿಸಿದ್ದರು.

ಹಸಿರು ಶಾಯಿ ನಾಣಿಯವರದು. ಮೂವತ್ತು ವರ್ಷ ಕಾರ್ಯದರ್ಶಿಯಾಗಿದ್ದ ನಾಣಿಯವರು ಆರು ವರ್ಷಗಳ ಹಿಂದೆ ಅಧಿಕಾರ ಬಿಟ್ಟ ಮೇಲೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅವರ ಸಾಲಿನಲ್ಲಿದ್ದ ವಿಳಾಸ ಕೆಡವಿಹಾಕಿದ ಒಂದು ಕಟ್ಟಡದ್ದು. ಅವರ ಫೋನ್ ನಂಬರು ಬೇರೊಬ್ಬರ ಪಾಲಾಗಿತ್ತು.

*

ಬುಧವಾರ ಅವಳು ಹದಿನಾಲ್ಕನೇ ರೂಮಿನ ಇತರ ನಿವಾಸಿಗಳಿಗೆ ಫೋನ್ ಮಾಡಲಾರಂಭಿಸಿದಳು. ಮೊದಲ ಕರೆಯನ್ನು ಎತ್ತಿಕೊಂಡದ್ದು ಒಬ್ಬ ಹೆಂಗಸು.

“ಬಸವಂತಪ್ಪನವರು ನಮ್ಮ ಮಾವನೋರು ರೀ. ಅವರು ಹೋಗಿ ಒಂಬತ್ತ್ ವರ್ಷ ಆತಲ್ಲ.”

“ಕುರ್ಲಾದಲ್ಲಿ ಇದ್ರಾ ಅವರು?”

“ಕುರ್ಲಾದಾಗ ಯಾಕ ಇರ್ತಾರ್ರಿ? ಧಾರಾವಿ ಬಿಟ್ಟು ಎಲ್ಲೂ ಹೋದವರಲ್ಲ. ಆಗ ನಿಮ್ಮ ಸೆಕ್ರೆಟರಿ ಸಾಹೇಬ್ರು ಮನೀಗೆ ಬಂದಿದ್ರು. ಕಾಗದದ್ದು ನಾ ನೋಡ್ಕೋತೀನಿ ಅಂದಿದ್ರು.”

ಎರಡನೆಯ ಕರೆ. ತೀರಿಕೊಂಡಿದ್ದರು. ಮೂರನೆಯದು, ಏಳನೆಯದು, ಹದಿನೈದನೆಯದು. ಮಧ್ಯಾಹ್ನದ ಹೊತ್ತಿಗೆ ಅವಳು ಇಪ್ಪತ್ತಮೂರು ಮನೆಗಳಿಗೆ ಮಾತನಾಡಿದ್ದಳು. ಇಪ್ಪತ್ತಮೂರು ಮನೆಗಳಲ್ಲೂ ಆ ಹೆಸರಿನವರು ಗೋಡೆಯ ಮೇಲಿನ ಪಟದಲ್ಲಿದ್ದರು. ಇಪ್ಪತ್ತನಾಲ್ಕನೆಯ ನಂಬರನ್ನು ಒತ್ತಲು ಅವಳಿಗೆ ಧೈರ್ಯ ಬರಲಿಲ್ಲ.

ರಿಜಿಸ್ಟರಿನ ಮೇಲೆ ತಲೆಯಿಟ್ಟಳು. ಫ್ಯಾನಿನ ಸದ್ದು, ಹೊರಗೆ ಹಳೇ ಸಾಮಾನು ಕೊಳ್ಳುವ ಭಂಗಾರ್‌ವಾಲಾನ ದೀರ್ಘ ಕೂಗು, ಮಗ್ಗಲು ಮನೆಯ ಕುಕ್ಕರಿನ ಸೀಟಿ ಒಂದರೊಳಗೊಂದು ಕರಗಿ ದೂರವಾದವು. ಅವಳು ಆ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಚಾಪೆಯ ಮೇಲೆ ಅರವತ್ತೊಂದು ಮಂದಿ ಸದಸ್ಯ ಸಂಖ್ಯೆಯ ಕ್ರಮದಲ್ಲಿ ಒತ್ತೊತ್ತಾಗಿ ಕುಳಿತು, ಇನ್ನೂ ಆರಂಭವಾಗದ ಯಾವುದೋ ಕಾರ್ಯಕ್ರಮಕ್ಕೆ ಕಾಯುತ್ತಿದ್ದರು. ಯಾರೂ ಮಾತನಾಡುತ್ತಿರಲಿಲ್ಲ, ಎಲ್ಲರ ಮಡಿಲಲ್ಲೂ ಬಿಳಿಯ ಕವರು. ನಡುವಿನ ಸಾಲಿನಲ್ಲಿ ತಂದೆ ಬ್ಲೇಡಿನಿಂದ ಪೆನ್ಸಿಲ್ ಹೆರೆಯುತ್ತಿದ್ದರು. ಹೆರೆದ ಸಿಪ್ಪೆ ನೆಲಕ್ಕೆ ಬೀಳದೆ ಗಾಳಿಯಲ್ಲೇ ತೂಗುತ್ತಿತ್ತು. ಅವರು ತಲೆಯೆತ್ತಿದರು. ಮುಖ ಕಾಣುವಷ್ಟರಲ್ಲಿ ಅವಳಿಗೆ ಎಚ್ಚರವಾಯಿತು.

ಮರುದಿನ ಊಟದ ಹೊತ್ತಿಗೆ ಅವಳು ತಾಯಿಗೆ ಹೇಳಿದಳು: “ಕುರ್ಲಾಕ್ಕೆ ಹೋಗ್ಬರ್ತೀನಮ್ಮ. ಸಂಘದ್ದು ಒಂದು ಅಡ್ರೆಸ್ ಚೆಕ್ ಮಾಡ್ಬೇಕು.”

ಮಾಟುಂಗಾದ ಶಾಲೆಯೊಂದರ ಕಚೇರಿಯಲ್ಲಿ ದುಡಿದು ನಿವೃತ್ತಳಾಗಿದ್ದ ವನಮಾಲಾ, ಗಂಡ ಹೋದ ಮೇಲೆ ಮಗಳನ್ನು ಒಬ್ಬಳೇ ಸಾಕಿದವಳು. ಹಣೆಯ ಕುಂಕುಮವನ್ನೂ ಕೊರಳ ತಾಳಿಯನ್ನೂ ಅವಳು ಈ ಹತ್ತೊಂಬತ್ತು ವರ್ಷ ತೆಗೆದಿರಲಿಲ್ಲ. ಗಂಡನ ಹೆಸರನ್ನು ಎತ್ತಿರಲೂ ಇಲ್ಲ. ಅವಳ ಕೈಯ ಸೌಟು ಸಾರಿನಲ್ಲಿ ಅರೆಕ್ಷಣ ನಿಂತು ಮತ್ತೆ ತಿರುಗಿತು.

“ಸ್ಟೇಷನ್ನಲ್ಲಿ ಹಳೇ ಬ್ರಿಜ್ ಮುಚ್ಚಿದಾರೆ. ಹೊಸದನ್ನ ಹತ್ತಿ ಎಡಗಡೆ ಮೆಟ್ಲಲ್ಲಿ ಇಳಿ,” ಎಂದಳು.

*

ಸಾಳವಿ ಚಾಳ್ ಎರಡು ಅಂತಸ್ತಿನದು. ಮರದ ಮೆಟ್ಟಿಲುಗಳು ನಡುವೆ ಸವೆದು ದೋಣಿಯಂತಾಗಿದ್ದವು. ಮೇಲಿನ ಗ್ಯಾಲರಿಯಲ್ಲಿ ಒಣಗಲು ಹಾಕಿದ ಸೀರೆಗಳ ನಡುವೆ ಹಾದು ಹೋಗಬೇಕಿತ್ತು; ಹಳದಿ ಸೀರೆಯೊಳಗಿಂದ ನೀಲಿ ಸೀರೆಯೊಳಕ್ಕೆ, ನೀಲಿಯೊಳಗಿಂದ ಬಿಳಿಯೊಳಕ್ಕೆ. ಕೊನೆಯ ಬಾಗಿಲು ಹದಿನಾಲ್ಕನೆಯದು. ಅವಳು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದಳು.

ಒಳಗೆ ಯಾರೋ ಕೆಮ್ಮಿದರು. ಗಂಡಸಿನ ಕೆಮ್ಮು. ಚಿಲಕ ಸರಿಯಿತು.

ಬಾಗಿಲು ತೆರೆದವರು ಅವಳ ತಂದೆಯಲ್ಲ. ಬನಿಯನ್ನು, ಪಂಚೆ, ಕಿವಿಯ ಮೇಲೊಂದು ಪೆನ್ನು. ನಾಣಿಯವರು.

“ಯಾರು? ಶ್ರೀರಾಮನ ಮಗಳಲ್ವೇನೇ ನೀನು? ಒಳಗೆ ಬಾ. ಚಪ್ಪಲಿ ಅಲ್ಲೇ ಇರ್ಲಿ, ಕಾಗೆ ಎತ್ಕೊಂಡ್ ಹೋಗಲ್ಲ.”

ರೂಮಿನಲ್ಲಿ ಒಂದು ಮಂಚ, ಒಂದು ಸ್ಟವ್, ಗೋಡೆಯುದ್ದಕ್ಕೂ ಹಲಗೆಗಳು. ಹಲಗೆಗಳ ಮೇಲೆ ನೂಲಿನಿಂದ ಕಟ್ಟಿದ ಬಿಳಿಯ ಕವರುಗಳ ಕಟ್ಟುಗಳು. ಒಂದೊಂದು ಕಟ್ಟಿನ ಮೇಲೂ ಇಸವಿ ಬರೆದ ಚೀಟಿ.

“ನಾಣಿ ಮಾಮ, ನೀವಿಲ್ಲಿ ಇದೀರ ಅಂತ ಯಾರಿಗೂ ಗೊತ್ತಿಲ್ಲ. ನಿಮ್ಮ ಅಡ್ರೆಸ್ ಯಾಕೆ ಬದಲಾಯಿಸ್ಲಿಲ್ಲ?”

“ಊರೋರದ್ದೆಲ್ಲ ಬದಲಾಯಿಸೋಷ್ಟರಲ್ಲಿ ನಂದು ಮರ್ತೋಯ್ತು. ಕೂತ್ಕೋ.”

“ಈ ರೂಮಲ್ಲಿ ಅರವತ್ತೊಂದು ಜನ ಇದಾರೆ ಅಂತ ನಮ್ಮ ಲಿಸ್ಟ್ ಹೇಳತ್ತೆ.”

“ಇದಾರೆ. ಜಾಗ ಸಾಲತ್ತೆ. ಗಲಾಟೆ ಮಾಡೋ ಪೈಕಿ ಅಲ್ಲ.”

ಅವರು ಕಾಫಿಗೆ ನೀರಿಟ್ಟರು. ಬೆನ್ನು ತಿರುಗಿಸಿಕೊಂಡೇ ಮಾತನಾಡಿದರು. ಮೂವತ್ತನಾಲ್ಕು ವರ್ಷ ಅವರು ಅಂಚೆಯಲ್ಲಿ ಪತ್ರ ವಿಂಗಡಿಸುವ ಕೆಲಸದಲ್ಲಿದ್ದವರು.

“ಪಡೆಯುವವರಿಲ್ಲ ಅಂತ ಸೀಲ್ ಹೊಡೆದೂ ಹೊಡೆದೂ ನನ್ನ ಕೈ ಸವೆದಿದೆ ಕಣಮ್ಮ. ವಾಪಸ್ ಹೋಗೋ ಕಾಗದದ ಮುಖ ನೋಡೋಕಾಗಲ್ಲ. ನಮ್ಮ ಸಂಘದಲ್ಲಿ ಒಬ್ಬ ಸದಸ್ಯರಿಗೆ ಒಂದು ಕವರು ಅಂತ ಮೊದಲಿಂದ ನಿಯಮ. ಯಾರಾದ್ರೂ ಹೋದ್ರು ಅಂದ್ರೆ ಮನೆಯೋರು ಬಂದು, ಇನ್ನು ಮನೆಗೆ ಕಳಿಸ್ಬೇಡಿ, ನೋಡಿದ್ರೆ ಸಂಕಟ ಆಗತ್ತೆ ಅಂತಾರೆ. ಸರಿ, ಹೆಸರು ಹೊಡೆದು ಹಾಕ್ಲಾ ಅಂತ ಕೇಳಿದ್ರೆ ಮುಖ ನೋಡ್ತಾ ನಿಂತ್ಕೋತಾರೆ. ಹೊಡೀಬೇಡಿ ಅಂತಾರೆ. ಕಳಿಸ್ಲೂಬಾರ್ದು, ಹೊಡೀಲೂಬಾರ್ದು. ನಾನೇನ್ ಮಾಡ್ಲಿ? ನನ್ನ ವಿಳಾಸ ಬರ್ದೆ. ವರ್ಷಕ್ಕೊಂದು ಸಲ ಎಲ್ಲರದ್ದೂ ಬರತ್ತೆ. ಪಡೆಯೋನು ನಾನಿದೀನಿ.”

ಕೇಳಬೇಕಾದ ಪ್ರಶ್ನೆ ಒಂದೇ ಉಳಿದಿತ್ತು.

“ಅಂದ್ರೆ ಈ ಅಡ್ರೆಸ್ಸಲ್ಲಿ ಇರೋರೆಲ್ಲ ಹೋದೋರೇನಾ?”

“ಅರವತ್ತು ಜನ ಹೋದೋರು. ಒಬ್ಬೊಬ್ಬರ ಮನೆಗೂ ನಾನೇ ಹೋಗಿ ಬಂದಿದೀನಿ.”

“ಅರವತ್ತೊಂದನೆಯವರು?”

ನಾಣಿಯವರು ಸ್ಟವ್ ಆರಿಸಿದರು. ಆ ದಿನ ಬೆಳಿಗ್ಗೆಯಷ್ಟೇ ಬಂದ ಕವರುಗಳ ರಾಶಿ ಮಂಚದ ಮೇಲಿತ್ತು. ಅದರಿಂದ ಬೇರೆಯಾಗಿ ಒಂದೇ ಒಂದು ಕವರನ್ನು ಗಡಿಯಾರದ ಹಿಂದೆ ಸಿಕ್ಕಿಸಿದ್ದರು. ದೂರದಿಂದಲೇ ಅವಳು ಹೆಸರನ್ನು ಓದಿದಳು.

“ಹಳೇ ಕಟ್ಟು ಬಿಚ್ಚಿ ನೋಡು, ಯಾವ ವರ್ಷದ್ದು ಬೇಕಾದ್ರೂ,” ಎಂದರು.

ಅವಳು 2024ರ ಕಟ್ಟು ಬಿಚ್ಚಿದಳು. ತಂದೆಯ ಹೆಸರಿರಲಿಲ್ಲ. 2019. ಇರಲಿಲ್ಲ. 2013ರಲ್ಲಿಯೂ ಇರಲಿಲ್ಲ. ಉಳಿದವರ ಕವರುಗಳಲ್ಲಿ ಒಂದನ್ನೂ ಒಡೆದಿರಲಿಲ್ಲ.

“ನಿಮ್ಮಪ್ಪಂದು ನನ್ನ ಹತ್ರ ಉಳಿಯಲ್ಲ. ಪ್ರತಿ ವರ್ಷ ಜನವರಿ ಕೊನೇ ಶನಿವಾರ ನಾಲ್ಕು ಗಂಟೆಗೆ ಒಬ್ಬರು ಬಂದು ಅದನ್ನ ತಗೊಂಡ್ ಹೋಗ್ತಾರೆ. ಹದಿಮೂರು ಸಲ ಬಂದಿದಾರೆ. ಕೊರೋನಾ ವರ್ಷ ಲೋಕಲ್ ಇರ್ಲಿಲ್ಲ, ಬೆಸ್ಟ್ ಬಸ್ ಹಿಡ್ದು ಬಂದ್ರು.”

“ಯಾರು ಮಾಮ?”

“ಹೇಳಲ್ಲ ಅಂತ ಮಾತು ಕೊಟ್ಟಿದೀನಿ.” ಅವರು ಲೋಟವನ್ನು ಅವಳ ಕೈಗಿತ್ತರು. “ಕಾದು ನೋಡೋರನ್ನ ಓಡಿಸ್ತೀನಿ ಅಂತ ಮಾತ್ರ ಯಾರಿಗೂ ಮಾತು ಕೊಟ್ಟಿಲ್ಲ.”

*

ಶುಕ್ರವಾರ ಹೇಗೆ ಕಳೆಯಿತೆಂಬುದು ರಂಜನಿಗೆ ನೆನಪಿಲ್ಲ. ಪಟ್ಟಿಯಲ್ಲಿ ಜೂನ್ ಒಂದರಂದು ಹುಟ್ಟಿದವರು ಹುಟ್ಟಿಕೊಂಡೇ ಇದ್ದರು. ಅವಳು 907ರ ಸಾಲಿಗೆ ಹೋಗಿ ಬರುತ್ತಿದ್ದಳು. ಹೊಸ ಪಟ್ಟಿಯಲ್ಲಿ ‘ಸದಸ್ಯರ ಸ್ಥಿತಿ’ ಎಂಬ ಕಾಲಮಿಗೆ ಮೂರೇ ಆಯ್ಕೆಗಳನ್ನು ಅವಳೇ ಕೊಟ್ಟಿದ್ದಳು: ಸಕ್ರಿಯ, ನಿಧನ, ಬಿಟ್ಟಿದ್ದಾರೆ. ಸಕ್ರಿಯ ಎಂಬ ಪದದ ಮೇಲೆ ಬಾಣದ ಗುರುತನ್ನಿಟ್ಟು ಅವಳು ಬಹಳ ಹೊತ್ತು ಒತ್ತದೆ ಕುಳಿತಳು.

ಬರುವವರು ತಂದೆಯೇ ಆಗಿದ್ದರೆ, ಅವರಿಗೆ ಈಗ ಅರವತ್ತೈದು. ಕೂದಲು ಹಣ್ಣಾಗಿರಬಹುದು. ಕಣ್ಣಿಗೆ ದಪ್ಪ ಗಾಜು ಬಂದಿರಬಹುದು. ಮಗಳನ್ನು ಗುರುತಿಸದೆಯೂ ಇರಬಹುದು. ಜಡೆ ಹಾಕಿದ ಹನ್ನೆರಡರ ಹುಡುಗಿಯನ್ನು ಬಿಟ್ಟುಹೋದವರು ಕನ್ನಡಕದ ಈ ಹೆಂಗಸನ್ನು ಹೇಗೆ ಗುರುತಿಸಬೇಕು? ಮೊದಲ ಮಾತು ಏನಿರಬೇಕೆಂದು ಅವಳು ಲೋಕಲ್ಲಿನಲ್ಲಿ, ಬಚ್ಚಲಲ್ಲಿ, ತರಕಾರಿ ಹೆಚ್ಚುವಾಗ ಯೋಚಿಸಿದಳು. ‘ಅಪ್ಪ’ ಎಂಬುದನ್ನು ಮೀರಿ ಒಂದು ಅಕ್ಷರವೂ ಹೊಳೆಯಲಿಲ್ಲ.

ಶನಿವಾರ ಮೂರು ಗಂಟೆಗೆ, ಸ್ನೇಹಕೂಟದಲ್ಲಿ ಕೆಲಸವಿದೆಯೆಂದು ಹೇಳಿ ಅವಳು ಮನೆ ಬಿಟ್ಟಳು. ಅಮ್ಮ ಮಾಟುಂಗಾ ಮಾರ್ಕೆಟ್ಟಿಗೆ ಚೀಲ ಮಡಚುತ್ತಿದ್ದಳು.

ನಾಣಿಯವರು ಮಂಚದ ತುದಿಯಲ್ಲಿ ಅವಳಿಗೆ ಜಾಗ ತೋರಿಸಿದರು. ಬಾಗಿಲು ಅರೆ ತೆರೆದಿತ್ತು. ಗ್ಯಾಲರಿಯ ಸೀರೆಗಳ ಮೂಲಕ ಬಂದ ಬಿಸಿಲು ರೂಮಿನ ಗೋಡೆಯ ಮೇಲೆ, ಕವರುಗಳ ಕಟ್ಟುಗಳ ಮೇಲೆ, ಮುದುಕರ ಬಿಳಿಯ ಗಡ್ಡದ ಮೇಲೆ ಬಣ್ಣವಾಗಿ ತೇಲಾಡುತ್ತಿತ್ತು. ಆ ಬೆಳಕಿನಲ್ಲಿ ರೂಮು ನಿಜಕ್ಕೂ ತುಂಬಿದಂತಿತ್ತು. ಕಾಲು ಚಾಚಿದರೆ ಯಾರಿಗಾದರೂ ತಾಗೀತೆಂದು ಅವಳು ಮಡಚಿಯೇ ಕುಳಿತಳು.

ನಾಲ್ಕಕ್ಕೆ ಐದು ನಿಮಿಷ. ಮರದ ಮೆಟ್ಟಿಲ ಮೇಲೆ ಹೆಜ್ಜೆಗಳ ಸದ್ದು. ಭಾರವಾದ ಹೆಜ್ಜೆ, ಗಂಡಸಿನ ಬೂಟು. ಗ್ಯಾಲರಿಯಲ್ಲಿ ಅದು ಹತ್ತಿರ ಬಂತು. ಹಳದಿ ಸೀರೆಯಾಚೆ ಒಂದು ನೆರಳು ನಿಂತಿತು. ರಂಜನಿ ಎದ್ದು ನಿಂತಳು.

ಹನ್ನೆರಡನೇ ರೂಮಿನ ಬೀಗ ತೆರೆದ ಸದ್ದು. ಬಾಗಿಲು ಮುಚ್ಚಿಕೊಂಡಿತು.

“ಅವರು ನೇವಿಲಿ ಇದ್ದೋರು,” ಎಂದು ನಾಣಿಯವರು ಪಿಸುಗುಟ್ಟಿದರು. “ನಡೆದ್ರೆ ಕಟ್ಟಡ ಅಲ್ಲಾಡತ್ತೆ. ಕೂತ್ಕೋ.”

ನಾಲ್ಕು ಗಂಟೆ. ನಾಲ್ಕು ಹತ್ತು. ಗಡಿಯಾರದ ಹಿಂದಿನ ಕವರು ಗಾಳಿಗೆ ಒಮ್ಮೆ ಅಲುಗಿತು. ಮತ್ತೆ ಹೆಜ್ಜೆ. ಈ ಸಲ ಹಗುರ, ನಿಧಾನ. ನಾಲ್ಕು ಮೆಟ್ಟಿಲಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುವ ಹೆಜ್ಜೆ. ಬಿಳಿಯ ಸೀರೆಯನ್ನು ಒಂದು ಕೈ ಸರಿಸಿತು. ಹೊಸ್ತಿಲಾಚೆ ಯಾರೋ ಬಗ್ಗಿ ಚಪ್ಪಲಿ ಬಿಟ್ಟರು. ಮುಖ ಕಾಣುವ ಮುನ್ನ ಕಂಡದ್ದು ಮಾರ್ಕೆಟ್ಟಿನ ಖಾಲಿ ಚೀಲ.

“ನಾಣಿಯವರೇ, ಬಂತಾ?” ಎನ್ನುತ್ತ ವನಮಾಲಾ ಒಳಗೆ ಬಂದಳು.

ಹೊಸ ಬ್ರಿಜ್, ಎಡಗಡೆಯ ಮೆಟ್ಟಿಲು. ಅಮ್ಮನಿಗೆ ಆ ದಾರಿ ಹೇಗೆ ಗೊತ್ತಿತ್ತೆಂದು ರಂಜನಿಗೆ ಈಗ ಅರ್ಥವಾಯಿತು. ಮೂರು ದಿನಗಳಿಂದ ಅವಳ ಕಣ್ಣೆದುರು ನಿಂತಿದ್ದ ಅರವತ್ತೈದರ ಒಬ್ಬ ಮನುಷ್ಯ ಸದ್ದಿಲ್ಲದೆ ಕರಗಿಹೋದ.

“ನೀನು ಮಾಟುಂಗಾಕ್ಕೆ ಅಂದಿದ್ದೆ,” ಎಂದಳು ರಂಜನಿ.

“ನೀನು ಸಂಘಕ್ಕೆ ಅಂದಿದ್ದೆ.”

“ಮಾಟುಂಗಾಕ್ಕೆ ಕುರ್ಲಾ ಮೇಲೆ ದಾರಿನಾ?”

“ವರ್ಷಕ್ಕೊಂದು ದಿನ ಹೌದು.” ವನಮಾಲಾ ಮಂಚದ ಇನ್ನೊಂದು ತುದಿಯಲ್ಲಿ ಕುಳಿತು ಸೆರಗಿನಿಂದ ಕತ್ತು ಒರೆಸಿಕೊಂಡಳು. “ನೀನು ಗುರುವಾರ ಕುರ್ಲಾ ಅಂದಾಗ್ಲೇ ನನಗೆ ಗೊತ್ತಾಯ್ತು. ಈ ಸಲ ಬರಬಾರ್ದು ಅಂದ್ಕೊಂಡೆ. ಆದ್ರೂ ಕಾಲು ಬಂತು.”

ನಾಣಿಯವರು ಮೂರು ಲೋಟ ಕಾಫಿಯನ್ನು ನೆಲದ ಮೇಲಿಟ್ಟು, ಗ್ಯಾಲರಿಯಲ್ಲಿ ಸೀರೆ ಒಣಗಿವೆಯೇ ಎಂದು ನೋಡಲು ಹೋದರು. ಆ ಸೀರೆಗಳು ಅವರ ಮನೆಯವಲ್ಲ.

“2011ರಲ್ಲಿ ನೀನೇ ಬಂದು ಹೇಳಿದ್ದಾ?”

“ನಾನೇ. ನಿನಗೆ ನೆನಪಿದೆಯೋ ಇಲ್ವೋ. ಹನ್ನೆರಡನೇ ಕ್ಲಾಸು. ಕೆಮಿಸ್ಟ್ರಿ ಪ್ರಾಕ್ಟಿಕಲ್ ಹಿಂದಿನ ದಿನ ಕವರು ಬಂತು. ಲೆಟರ್‌ಬಾಕ್ಸಿಂದ ತೆಗೆದು, ಹೆಸರು ಓದಿ, ನೀನು ಮೆಟ್ಲ ಮೇಲೆ ಕೂತೆ. ಬೆಳಿಗ್ಗೆ ಹನ್ನೊಂದಕ್ಕೆ ಕೂತೋಳು ಸಂಜೆ ದೀಪ ಹಚ್ಚೋವರೆಗೂ ಏಳ್ಲಿಲ್ಲ. ಅಪ್ಪನ ಹೆಸರಿಗೆ ಕಾಗದ ಬರತ್ತೆ ಅಂದ್ರೆ ಅಪ್ಪ ಇದಾರೆ ಅಂತ ತಾನೆ ಅಂತ ಕೇಳ್ದೆ. ಮಾರನೇ ದಿನ ಪ್ರಾಕ್ಟಿಕಲ್‌ಗೆ ಹೋಗ್ಲಿಲ್ಲ. ಇನ್ನು ಈ ಕವರು ನಮ್ಮ ಮನೆಗೆ ಬರಬಾರ್ದು ಅನ್ನಿಸ್ತು.”

“ಹೆಸರು ತೆಗೆಸ್ಬಹುದಿತ್ತು.”

“ತೆಗೆಸೋಕೇ ಬಂದಿದ್ದೆ. ನಾಣಿಯವರು ರಿಜಿಸ್ಟರ್ ಬಿಚ್ಚಿ, ರೂಲರ್ ಇಟ್ಟು, ಗೆರೆ ಎಳೀಲಾ ಅಂದ್ರು. ನಿಮ್ಮಪ್ಪನ ಕೈಬರಹ ಅದು. ಅದರ ಮೇಲೆ ಗೆರೆ ಎಳೀರಿ ಅನ್ನೋಕೆ ಬಾಯಿ ಬರ್ಲಿಲ್ಲ.” ಅವಳು ಗಡಿಯಾರದತ್ತ ನೋಡಿದಳು. “ಆಮೇಲೆ, ಇಲ್ಲಿ ಅವರದ್ದೂ ತಗೊಳ್ಳೋರಿಲ್ದೆ ಬಿದ್ದಿರತ್ತೆ ಅನ್ನೋದು ಸಹಿಸೋಕಾಗ್ಲಿಲ್ಲ. ಉಳಿದೋರು ಹೋದೋರು. ಅವರು ಹೋದೋರೋ ಅಲ್ವೋ ಅಂತ ನನಗೇನು ಗೊತ್ತು?”

“ನಿನಗೂ ಗೊತ್ತಿಲ್ವಾ?” ಮೂರು ದಿನ ಹೊತ್ತು ತಿರುಗಿದ ಪ್ರಶ್ನೆ ಇಷ್ಟು ಸಣ್ಣ ದನಿಯಲ್ಲಿ ಹೊರಬಿತ್ತು.

“ಇಲ್ಲ ಕಣೆ. ದೇವರಾಣೆ ಇಲ್ಲ. ಗೊತ್ತಿದ್ದಿದ್ರೆ ಇಷ್ಟು ಮೆಟ್ಲು ಹತ್ತಿ ಬರ್ತಿದ್ನಾ?”

ರಂಜನಿ ಕಾಫಿಯ ಲೋಟವನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

“ನೀನು ಅಪ್ಪನ ಹೆಸರು ಹೊಡೆಸಿದೀಯ ಅಂದ್ಕೊಂಡಿದ್ದೆ. ಅದಕ್ಕೇ ಮನೇಲಿ ಅವರ ಮಾತೆತ್ತಲಿಲ್ಲ.”

“ನೀನು ಎತ್ತಲ್ವಲ್ಲ, ಮರ್ತಿದಾಳೆ, ಒಳ್ಳೇದಾಯ್ತು ಅಂತ ನಾನೂ ಎತ್ತಲಿಲ್ಲ.”

ಹದಿನಾಲ್ಕು ವರ್ಷ. ಒಂದೇ ಅಡುಗೆಮನೆಯಲ್ಲಿ, ಒಂದೇ ಸಾರಿನ ಪಾತ್ರೆಯ ಎರಡು ಬದಿಗಳಲ್ಲಿ.

ಮರಳುವಾಗ ವನಮಾಲಾ ಕುರ್ಲಾ ಸ್ಟೇಷನ್ನಿನ ಒಂದು ಬೆಂಚಿನ ಮೇಲೆ ಕುಳಿತಳು. ಪ್ರತಿ ವರ್ಷ ಇಲ್ಲೇ ಕುಳಿತುಕೊಳ್ಳುತ್ತೇನೆಂದಳು. ಕವರನ್ನು ಹೇರ್‌ಪಿನ್ನಿನಿಂದ ಅಂಚು ಹರಿಯದಂತೆ ಬಿಡಿಸಿ, ಕಾರ್ಡನ್ನು ಮೆಲುದನಿಯಲ್ಲಿ ಪೂರ್ತಿ ಓದಿದಳು: ಸ್ವಾಗತ ಯಾರದು, ಪ್ರಾರ್ಥನೆ ಯಾರದು, ಮಕ್ಕಳ ನೃತ್ಯ ಎಷ್ಟು ಗಂಟೆಗೆ, ಊಟಕ್ಕೆ ಮೊದಲೇ ತಿಳಿಸಬೇಕಾದ ನಂಬರು. ಪ್ಲಾಟ್‌ಫಾರ್ಮಿಗೆ ಗಾಡಿಗಳು ಬಂದವು, ಹೋದವು. ಪ್ರತಿ ಗಾಡಿ ಬಂದಾಗಲೂ ಅವಳು ಓದುವುದನ್ನು ನಿಲ್ಲಿಸಿ, ಇಳಿಯುವವರ ಗುಂಪು ಕರಗುವವರೆಗೆ ಕಾದು, ಮುಂದುವರಿಸುತ್ತಿದ್ದಳು. ರಂಜನಿಯೂ ಆ ಗುಂಪುಗಳನ್ನು ನೋಡಿದಳು. ಇಬ್ಬರೂ ಒಂದೇ ಮುಖವನ್ನು ಹುಡುಕುತ್ತಿದ್ದೇವೆಂದು ಮೊದಲ ಬಾರಿಗೆ ಇಬ್ಬರಿಗೂ ಗೊತ್ತಿತ್ತು.

ಮನೆಗೆ ಬಂದ ಮೇಲೆ ವನಮಾಲಾ ಬೀರುವಿನ ಹಿಂದಿನ ಮೊಳೆಯಿಂದ ಗಂಡನ ನಕ್ಷೆಗಳ ಕೊಳವೆಯನ್ನು ಇಳಿಸಿದಳು. ಮಗಳು ಮುಟ್ಟಲು ಸದಾ ಹೆದರುತ್ತಿದ್ದ ಕೊಳವೆ. ಹಳದಿಗಟ್ಟಿದ ನಕ್ಷೆಗಳ ಸುರುಳಿಯೊಳಗೆ ಹದಿಮೂರು ಕಾರ್ಡುಗಳು ಸುತ್ತಿಕೊಂಡಿದ್ದವು. ಹದಿನಾಲ್ಕನೆಯದನ್ನು ರಂಜನಿ ಸುತ್ತಿ ಇಟ್ಟಳು.

“ನಾಳೆ ಸಭೆ ಅಮ್ಮ. ಅಪ್ಪನ ಎದುರು ಏನು ಬರೀಲಿ? ನೀನು ಹೇಳಿದ ಹಾಗೆ ಬರೀತೀನಿ.”

ವನಮಾಲಾ ಕೊಳವೆಯ ಮುಚ್ಚಳವನ್ನು ಬಹಳ ಹೊತ್ತು ತಿರುಗಿಸಿದಳು.

“ಇರೋದನ್ನ ಬರಿ. ಗೊತ್ತಿಲ್ಲ ಅಂತ ಬರಿ,” ಎಂದಳು. “ವಿಳಾಸ ಮಾತ್ರ ನಮ್ಮನೇದು ಹಾಕು. ಇನ್ನು ನೀನು ಮೆಟ್ಲ ಮೇಲೆ ಕೂತ್ರೆ ನಾನೂ ಪಕ್ಕ ಕೂತ್ಕೋತೀನಿ.”

*

ಭಾನುವಾರ ಬಾವುಟ ಹಾರಿಸಿ, ಪೇಡೆ ಹಂಚಿ ಮುಗಿಸಿದ ಸುಹಾಸ ಪಟ್ಟಿಯ ಮೇಲೆ ಕಣ್ಣಾಡಿಸಿದ. ಸಾವಿರದ ಎಂಟುನೂರ ನಲವತ್ತಮೂರು ಈಗ ಸಾವಿರದ ನಾನೂರ ಹನ್ನೆರಡಾಗಿತ್ತು. ಅರವತ್ತು ಹೆಸರುಗಳ ಎದುರು ‘ನಿಧನ’ ಎಂದು ಬರೆದು, ಪಕ್ಕದಲ್ಲಿ ಅವಳು ಇನ್ನೊಂದು ಕಾಲಂ ಸೇರಿಸಿದ್ದಳು: ‘ಆಮಂತ್ರಣ ಯಾರ ಕೈಗೆ’.

“ಇದು ಎಂತ, ಹೋದವರಿಗೂ ಕವರು ಉಂಟಾ?”

“ಉಳಿದೋರಿಗೆ ವಾಟ್ಸಾಪ್ ಸಾಕು ಸುಹಾಸಣ್ಣ, ಈ ಅರವತ್ತೊಂದು ಜನಕ್ಕೆ ಕವರೇ ಇರ್ಲಿ. ಮನೆಯವರನ್ನ ಕೇಳ್ತೀನಿ. ಬೇಕು ಅಂದ್ರೆ ಮನೆಗೆ. ಬೇಡ ಅಂದ್ರೆ ಕುರ್ಲಾಕ್ಕೆ, ನಾಣಿ ಮಾಮನ ರೂಮಿಗೆ.”

ನಾಣಿಯವರ ಹೆಸರು ಕೇಳಿ ಅವನು ತಲೆಯಾಡಿಸಿದ. ಬೆರಳು ಕೆಳಗಿಳಿದು 907ರ ಬಳಿ ನಿಂತಿತು.

“ಇಲ್ಲಿ ‘ತಿಳಿದಿಲ್ಲ’ ಅಂತ ಉಂಟಲ್ಲ. ಗೊತ್ತಿಲ್ಲದಿದ್ದರೆ ಖಾಲಿ ಬಿಟ್ಟರೆ ಆಯ್ತಲ್ಲವಾ?”

“ಖಾಲಿ ಬಿಟ್ರೆ ಯಾರೂ ಕೇಳೇ ಇಲ್ಲ ಅಂತ ಆಗತ್ತೆ. ನಾವು ಕೇಳಿದೀವಿ.”

ಸುಹಾಸ ಹೆಸರನ್ನು ಓದಿದ. ಅವಳ ಮುಖ ನೋಡಿದ. ಒಂದು ಪೇಡೆಯನ್ನು ಕಾಗದದಲ್ಲಿ ಸುತ್ತಿ, “ಅಮ್ಮನಿಗೆ,” ಎಂದು ಅವಳ ಮುಂದಿಟ್ಟ.

ಮುಂದಿನ ತಿಂಗಳುಗಳಲ್ಲಿ ನಲವತ್ತಮೂರು ಮನೆಗಳವರು ಕವರನ್ನು ತಮಗೇ ಕಳಿಸಲು ಹೇಳಿದರು. ಹದಿನೇಳು ಮಂದಿ ಹದಿನಾಲ್ಕನೇ ರೂಮಿನಲ್ಲೇ ಉಳಿದರು. ಈಗ ಆರಾಮವಾಗಿ ಕಾಲು ಚಾಚಬಹುದೆಂದು ನಾಣಿಯವರು ಫೋನಿನಲ್ಲಿ ಹೇಳಿದರು. ತಮ್ಮ ವಿಳಾಸವನ್ನೂ ಸರಿಪಡಿಸಿಕೊಂಡರು.

ಆದರೆ ಆ ಭಾನುವಾರ ಮಧ್ಯಾಹ್ನ ರಂಜನಿ ಮನೆಗೆ ಮರಳಿದಾಗ, ಕಟ್ಟಡದ ಕೆಳಗೆ, ಲೆಟರ್‌ಬಾಕ್ಸುಗಳ ಸಾಲಿನ ಮುಂದೆ ವನಮಾಲಾ ಸ್ಟೂಲಿನ ಮೇಲೆ ನಿಂತಿದ್ದಳು. ತುಕ್ಕು ಹಿಡಿದ ಬೀಗಕ್ಕೆ ಕೊಬ್ಬರಿ ಎಣ್ಣೆ ಬಿಟ್ಟಾಗಿತ್ತು. ಹೆಸರಿನ ಚೀಟಿಯ ಮೇಲಿನ ಪ್ಲಾಸ್ಟಿಕ್ಕಿಗೆ ವರ್ಷಗಳ ಧೂಳು ಕಟ್ಟಿತ್ತು; ಅವಳು ಅದನ್ನು ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸುತ್ತಿದ್ದಳು. ಒರೆಸಿದಷ್ಟೂ ಕೆಳಗಿನಿಂದ ಅಕ್ಷರಗಳು ಒಂದೊಂದಾಗಿ ಮೇಲೆ ಬಂದವು, ಅಳತೆಪಟ್ಟಿ ಇಟ್ಟು ಬರೆದಂತೆ ನೆಟ್ಟಗೆ.

ರಂಜನಿ ಸ್ಟೂಲಿನ ಕಾಲನ್ನು ಅಲುಗದಂತೆ ಹಿಡಿದುಕೊಂಡಳು.